ದಿನಕ್ಕೆ 78 ರೂಪಾಯಿಯ ಕಿವಿ

ಕಿವಿ ಮೆಷಿನ್‌ಗೆ ಎಷ್ಟಾಯಿತು ಎಂದು ಕೇಳುವವರಿಗೆ ನಾನು ದಿನದ ಲೆಕ್ಕ ಹೇಳುತ್ತೇನೆ: 78 ರೂಪಾಯಿ. ಒಂದು ಲಕ್ಷ ಹತ್ತು ಸಾವಿರ ಎಂದರೆ ಎದೆ ಮೇಲೆ ಕೈ ಇಟ್ಟುಕೊಳ್ಳುವವರೂ 78 ಎಂದಾಗ 'ಒಂದು ಮಸಾಲೆ ದೋಸೆ ದುಡ್ಡು ಬಿಡಿ' ಎನ್ನುತ್ತಾರೆ.

ಲೆಕ್ಕ ಹೀಗಿದೆ. ಎರಡೂ ಕಿವಿಗೆ ಸೇರಿ ಜೋಡಿಗೆ ಕೊಟ್ಟದ್ದು 1,10,000. ಬೆವರು, ಎಣ್ಣೆ, ಗುಗ್ಗೆಯ ನಡುವೆ ಬೆಳಗಿನಿಂದ ರಾತ್ರಿವರೆಗೆ ದುಡಿಯುವ ಯಂತ್ರಕ್ಕೆ ಐದಾರು ವರ್ಷವೇ ಆಯಸ್ಸು. ನಾನು ಐದು ಹಿಡಿದೆ. ಸೆಲ್‌ಗೆ ವರ್ಷಕ್ಕೆ 3,500ರಂತೆ 17,500. ಕಿವಿಯೊಳಗೆ ಕೂರುವ ಸಿಲಿಕೋನ್ ಟೋಪಿ, ಗುಗ್ಗೆ ತಡೆಯುವ ಫಿಲ್ಟರ್, ತೇವ ಹೀರುವ ಡಬ್ಬಿ, ವಾರಂಟಿ ಮುಗಿದ ಮೇಲಿನ ರಿಪೇರಿ ಎಲ್ಲಕ್ಕೂ ಸೇರಿ 15,000 ಎತ್ತಿಟ್ಟಿದ್ದೇನೆ. ಒಟ್ಟು 1,42,500. ಐದು ವರ್ಷದ 1,825 ದಿನಕ್ಕೆ ಹಂಚಿದರೆ 78. ಬ್ಯಾಂಕಿನ ಕೌಂಟರಿನಲ್ಲಿ ನೌಕರಿ ಸವೆಸಿ ಬಂದವಳು ನಾನು, ಭಾಗಾಕಾರ ಮಾಡದೆ ನಿದ್ದೆ ಬರುವುದಿಲ್ಲ.

ಈ ಭಾಗಾಕಾರದಲ್ಲಿ ಕೆಳಗಿನ ಅಂಕಿಯೇ ಮುಖ್ಯ ಎಂದು ಗೊತ್ತಾದದ್ದು ನಮ್ಮ ಬೀದಿಯ ರಾಯರಿಂದ. ಅವರು ಒಂದೇ ಕಿವಿಗೆ, 22,000ಕ್ಕೆ ಕೊಂಡರು. ನನ್ನ ಬಿಲ್ಲು ಕೇಳಿ ನಕ್ಕಿದ್ದರು. ಗೇಟಿನ ಹತ್ತಿರ ನಿಂತು ಮಾತಾಡುವಾಗ ಬರಿಗಿವಿ. "ರಾಯರೇ, ಮೆಷಿನ್ ಎಲ್ಲಿ?" ಎಂದು ಮೂರು ಸಲ ಕೂಗಿದ ಮೇಲೆ, "ಇದೆಯಮ್ಮಾ, ಬೀರುವಿನಲ್ಲಿ ಭದ್ರವಾಗಿದೆ" ಎಂದರು. ಮದುವೆ ಮುಂಜಿಗೆ ಮಾತ್ರ ಹಾಕುತ್ತಾರಂತೆ. ವರ್ಷಕ್ಕೆ 20 ದಿನ ಎಂದೇ ಇಟ್ಟುಕೊಳ್ಳಿ. ಐದು ವರ್ಷಕ್ಕೆ 100 ದಿನ. ಅವರದು ದಿನಕ್ಕೆ 220 ರೂಪಾಯಿಯ ಕಿವಿ.

ಅವರು ಹಾಕದಿರುವುದು ಹಟಕ್ಕಲ್ಲ. ಊರಾಚೆಯ ಯಾವುದೋ ಕ್ಯಾಂಪಿನಲ್ಲಿ ಕೊಂಡದ್ದು. ಪಾತ್ರೆ ಬಿದ್ದರೆ ತಲೆಗೆ ಹೊಡೆದಂತಾಗುತ್ತದೆ, ಪೇಪರ್ ಮಡಚಿದರೂ ಗದ್ದಲ. ಸರಿಮಾಡಿಸಲು ಹೋಗಬೇಕೆಂದರೆ ಎರಡು ಬಸ್ಸು. ಹೋಗಲಿಲ್ಲ, ಹಾಕಲಿಲ್ಲ.

ಕಿವಿ ಮೆಷಿನ್ ಕೊಳ್ಳುವುದು ಕನ್ನಡಕ ಕೊಂಡ ಹಾಗಲ್ಲ. ನನ್ನ ಆಡಿಯೋಗ್ರಾಂ, ಅಂದರೆ ಕಿವಿ ಪರೀಕ್ಷೆಯ ನಕ್ಷೆ, ನೋಡಿ ಹೇಳುತ್ತೇನೆ: ದಪ್ಪ ಶಬ್ದಗಳು ಹೆಚ್ಚು ಕಡಿಮೆ ಸರಿಯಾಗಿಯೇ ಕೇಳುತ್ತವೆ, ಸಣ್ಣ ಚೂಪು ಶಬ್ದಗಳು ಬಿದ್ದುಹೋಗಿವೆ. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಆಗುವುದೇ ಹೀಗೆ. ಸ, ಶ, ತ, ಕ ಇವೆಲ್ಲ ಚೂಪು ಶಬ್ದಗಳ ಕಡೆಯವು. ಅದಕ್ಕೇ ಕಿವಿ ಮಂದವಾದವರು 'ಮಾತಾಡುವುದು ಕೇಳುತ್ತೆ, ಏನು ಅಂತ ತಿಳಿಯಲ್ಲ' ಎನ್ನುವುದು. ಡಿಜಿಟಲ್ ಮೆಷಿನ್ ಶಬ್ದವನ್ನು ತುಂಡು ತುಂಡಾಗಿ ಬಿಡಿಸಿ, ಯಾವ ತುಂಡು ನಮಗೆ ಕೇಳುವುದಿಲ್ಲವೋ ಅದನ್ನಷ್ಟೇ ಎತ್ತಿಕೊಡುತ್ತದೆ. ಅಂಗಡಿಯವರು ನಾಲ್ಕು ಚಾನೆಲ್, ಎಂಟು ಚಾನೆಲ್, ಹದಿನಾರು ಚಾನೆಲ್ ಎನ್ನುವುದು ಈ ತುಂಡುಗಳನ್ನೇ. ಯಾವ ತುಂಡಿಗೆ ಎಷ್ಟು ಎಂದು ಕಂಪ್ಯೂಟರಿಗೆ ಜೋಡಿಸಿ ಕೂರಿಸುವವರು ಆಡಿಯಾಲಜಿಸ್ಟ್. ಮೊದಲ ದಿನ ಕೂರಿಸಿದ್ದು ಒಂದು ಅಂದಾಜು ಮಾತ್ರ. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದ ತಲೆಗೆ ಒಮ್ಮೆಲೇ ಪೂರ್ತಿ ಶಬ್ದ ಕೊಟ್ಟರೆ ತಡೆಯದು, ಹಾಗಾಗಿ ಸ್ವಲ್ಪ ಕಡಿಮೆ ಇಟ್ಟು ವಾರಗಳ ಮೇಲೆ ಏರಿಸುತ್ತಾರೆ.

ಅಂದರೆ ನಾವು ಕೊಡುವ ಹಣದಲ್ಲಿ ದೊಡ್ಡ ಪಾಲು ಆ ಮನುಷ್ಯರ ಕೈಕೆಲಸಕ್ಕೆ. ನಾನು ಆರಿಸಿದ್ದು ಮೆಷಿನ್ನನ್ನಲ್ಲ, ನಡೆದು ಹೋಗಬಹುದಾದ ಅಂಗಡಿಯನ್ನು. ಚಂದ್ರಾ ಲೇಔಟ್‌ನಿಂದ ಅತ್ತಿಗುಪ್ಪೆ ಮೆಟ್ರೊ ದಾಟಿ ವಿಜಯನಗರದ ಕಡೆಗೆ ಸಂಜೆ ವಾಕಿಂಗಿನ ದೂರ. ಮೊದಲ ತಿಂಗಳು ತರಕಾರಿ ಚೀಲ ಹಿಡಿದೇ ಹೋಗಿ ಕೂರುತ್ತಿದ್ದೆ: ನಲ್ಲಿ ನೀರು ಮಳೆಯ ಹಾಗೆ ಕೇಳುತ್ತೆ, ಕುಕ್ಕರ್ ವಿಷಲ್ ಚುಚ್ಚುತ್ತೆ, ಮೊಮ್ಮಗಳ ಮಾತು ಮಾತ್ರ ಇನ್ನೂ ಮಸುಕು. ಹೀಗೆ ಬಿಡಿಸಿ ಹೇಳಿದರೆ ಅವರಿಗೆ ಎಲ್ಲಿ ಇಳಿಸಬೇಕು, ಎಲ್ಲಿ ಏರಿಸಬೇಕು ತಿಳಿಯುತ್ತದೆ. 'ಸರಿ ಕೇಳಲ್ಲ' ಎಂದಷ್ಟೇ ಹೇಳಿದರೆ ಅವರೂ ಕತ್ತಲಲ್ಲಿ ಕಲ್ಲು ಹೊಡೆಯಬೇಕು.

ಬೆಲೆಯ ಮಾತು. ಕಿವಿಯ ಹಿಂದೆ ಕೂರುವ ಸಾಧಾರಣ ಡಿಜಿಟಲ್ ಒಂದಕ್ಕೆ ಹತ್ತಿಪ್ಪತ್ತು ಸಾವಿರದಿಂದ ಶುರು. ಮೇಲಿನದು ಒಂದೇ ಕಿವಿಗೆ ಲಕ್ಷ ದಾಟುತ್ತದೆ. ಪೆಟ್ಟಿಗೆಯ ಮೇಲಿನ ಎಂಆರ್‌ಪಿ ನೋಡಿ ಬೆಚ್ಚಬೇಡಿ. ಅದು ಚೌಕಾಸಿಗೆಂದೇ ಬರೆದ ಅಂಕಿ. ನನಗೆ ಕೇಳಿದ ತಕ್ಷಣ ಕಾಲು ಭಾಗ ಇಳಿಯಿತು. ಬ್ರ್ಯಾಂಡ್ ಜಗಳಕ್ಕೂ ಬೀಳಬೇಡಿ. ಹಳೆಯ ಸೀಮೆನ್ಸ್ ಈಗಿನ ಸಿಗ್ನಿಯಾ; ಅದೂ ವೈಡೆಕ್ಸೂ 2019ರಿಂದ ಒಂದೇ ಕಂಪನಿಯ ಮಕ್ಕಳು. ಲೋಕದ ಮಾರುಕಟ್ಟೆಯೆಲ್ಲ ಇಂಥ ನಾಲ್ಕೈದು ಮನೆತನಗಳ ಕೈಯಲ್ಲಿದೆ, ಸಮಾನ ಬೆಲೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಇಡೀ ದಿನ ಮೀಟಿಂಗ್, ಹೋಟೆಲ್, ಫೋನ್ ಎಂದು ಓಡಾಡುವವರಿಗೆ ಗದ್ದಲದಲ್ಲಿ ಮಾತು ಹೆಕ್ಕಿಕೊಡುವ ದುಬಾರಿ ಮಾದರಿ ಸಾರ್ಥಕ. ಮನೆ, ದೇವಸ್ಥಾನ, ಟಿವಿ ಎನ್ನುವವರಿಗೆ ನಡುವಿನದು ಧಾರಾಳ. ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಬರುವವು ಬರೀ ಸದ್ದು ಹಿಗ್ಗಿಸುವ ಡಬ್ಬಿಗಳು. ನನ್ನ ಮಟ್ಟಿಗೆ ಅದು ದುಡ್ಡು ಚರಂಡಿಗೆ ಹಾಕಿದ ಹಾಗೆ, ಮಿಕ್ಕ ಕಿವಿಗೂ ಕೇಡು.

ಹಿಯರಿಂಗ್ ಏಡ್ ಮೇಲೆ ಜಿಎಸ್‌ಟಿ ಇಲ್ಲ, ಸೊನ್ನೆ. ಬಿಲ್ಲಿನಲ್ಲಿ ಮೆಷಿನ್‌ಗೆ ತೆರಿಗೆ ಸೇರಿಸಿದ್ದರೆ ಕೇಳಿ ತೆಗೆಸಿ. ಸೆಲ್‌ಗೆ ತೆರಿಗೆ ಇದೆ, ಅದು ಬೇರೆ. ಇನ್ನು 'ನೋ ಕಾಸ್ಟ್ ಇಎಂಐ': ಕಂತು ಎಂದೊಡನೆ ನನಗೆ ಸಿಗುತ್ತಿದ್ದ ರಿಯಾಯಿತಿ ಮೂರನೇ ಒಂದು ಭಾಗ ಕರಗಿತು. ಬಡ್ಡಿ ಅಲ್ಲಿತ್ತು, ಹೆಸರು ಬೇರೆ. ಎಫ್‌ಡಿ ಒಂದನ್ನು ಮುರಿದು ಒಟ್ಟಿಗೆ ಕೊಟ್ಟೆ.

ಅಂಗಡಿಗೆ ಹೋಗುವ ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಗುಗ್ಗೆ ಗಟ್ಟಿಯಾಗಿಯೇ ಕಿವಿ ಮುಚ್ಚಿರಬಹುದು. ಲಕ್ಷದ ಮಾತು ಕೆಲವು ನೂರಕ್ಕೆ ಮುಗಿದವರೂ ಇದ್ದಾರೆ. ಆಮೇಲೆ, ಕೂರಿಸಿಕೊಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಾಯಿಸಿದ ಆಡಿಯಾಲಜಿಸ್ಟೋ ಅಥವಾ ಬರೀ ಸೇಲ್ಸ್‌ನವರೋ ನೋಡಿ. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚವೇನಿಲ್ಲ, ಗೋಡೆಯ ಮೇಲೆ ತೂಗುಹಾಕಿರುತ್ತಾರೆ.

ಒಂದೇ ಕಿವಿಗೆ ಕೊಂಡು ಅರ್ಧ ಉಳಿಸೋಣ ಎನ್ನುವುದು ಸಹಜ ಆಸೆ. ಎರಡೂ ಕಿವಿ ಮಂದವಾಗಿದ್ದರೆ ಈ ಉಳಿತಾಯ ಬೇಡ. ಶಬ್ದ ಎಡದಿಂದ ಬಂತೋ ಬಲದಿಂದಲೋ ಎಂದು ತಲೆಗೆ ತಿಳಿಯುವುದು ಎರಡು ಕಿವಿಯ ವ್ಯತ್ಯಾಸದಿಂದ. ನಮ್ಮ 80 ಅಡಿ ರಸ್ತೆ ದಾಟುವಾಗ ಆಟೋ ಹಾರ್ನ್ ಕೇಳಿಸಿದರೆ ಸಾಲದು, ಯಾವ ಕಡೆಯದು ಎಂದೂ ತಿಳಿಯಬೇಕು.

ಇನ್ನು ಸೆಲ್. ನನ್ನದು 312, ಕಂದು ಬಣ್ಣದ ಸ್ಟಿಕರ್. 10ಕ್ಕೆ ಹಳದಿ, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಯಾವ ಕಂಪನಿಯದಾದರೂ ಬಣ್ಣ ಇದೇ, ಅಂಗಡಿಯಲ್ಲಿ ಬಣ್ಣ ಹೇಳಿದರೆ ಸಾಕು. ಜಿಂಕ್-ಏರ್ ಸೆಲ್ ಇವು: ಸ್ಟಿಕರ್ ಕಿತ್ತ ಜಾಗದ ಸಣ್ಣ ರಂಧ್ರದಿಂದ ಗಾಳಿ ಒಳಹೊಕ್ಕ ಮೇಲೆಯೇ ಜೀವ ಬರುವುದು. ಕಿತ್ತ ತಕ್ಷಣ ತುರುಕಬೇಡಿ. ನಾನು ಸ್ಟಿಕರ್ ಕಿತ್ತು, ಸೆಲ್ಲನ್ನು ರಂಧ್ರ ಮೇಲಾಗಿ ದೇವರ ಮನೆಯ ಕಟ್ಟೆಯ ಮೇಲಿಟ್ಟು, ದೀಪಕ್ಕೆ ಎಣ್ಣೆ ಬಿಟ್ಟು ಬತ್ತಿ ಸರಿಮಾಡುವಷ್ಟರಲ್ಲಿ ಒಂದೆರಡು ನಿಮಿಷ ಆಗಿರುತ್ತದೆ. ಆಮೇಲೆ ಹಾಕಿದರೆ ಪೂರ್ತಿ ಬಾಳುತ್ತದೆ. ಒಮ್ಮೆ ಕಿತ್ತ ಸ್ಟಿಕರ್ ಮತ್ತೆ ಅಂಟಿಸಿ ಉಳಿಸುತ್ತೇನೆ ಎನ್ನುವುದು ಆಗದ ಮಾತು, ಒಳಗೆ ಖಾಲಿಯಾಗುತ್ತಲೇ ಇರುತ್ತದೆ. ವಾರಕ್ಕೊಂದು ಸೆಲ್, ಎರಡು ಕಿವಿ, ಆರರ ಪಟ್ಟಿ 200 ರೂಪಾಯಿ: ವರ್ಷಕ್ಕೆ ಹದಿನೇಳು ಹದಿನೆಂಟು ಪಟ್ಟಿ, ಅದೇ ಮೇಲೆ ಹೇಳಿದ 3,500. ಅವಧಿ ನೋಡಿ ಕೊಳ್ಳಿ. ಬಳಸಿದ್ದನ್ನು ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ. ಬಟನ್ ಸೆಲ್ ನುಂಗಿದರೆ ಅನ್ನನಾಳ ಸುಡುತ್ತದೆ, ತಡಮಾಡದೆ ಆಸ್ಪತ್ರೆಗೇ ಓಡಬೇಕು.

ಮೊಬೈಲಿನ ಹಾಗೆ ಚಾರ್ಜ್ ಮಾಡುವ ಮಾದರಿಗೆ ಈ ರಗಳೆಯಿಲ್ಲ. ಬೆರಳು ನಡುಗುವವರಿಗೆ, ಕಣ್ಣು ಮಂಜಾದವರಿಗೆ ನಾನು ಅದನ್ನೇ ಹೇಳುತ್ತೇನೆ. ಜೋಡಿಗೆ 20,000 ಹೆಚ್ಚು ಎಂದರೂ ಐದು ವರ್ಷದ ಸೆಲ್ ದುಡ್ಡು ಅದಕ್ಕೆ ಹತ್ತಿರವೇ. ಆದರೆ ನಾಲ್ಕೈದು ವರ್ಷಕ್ಕೆ ಒಳಗಿನ ಬ್ಯಾಟರಿ ಸೊರಗಿದರೆ ಕಂಪನಿಗೇ ಕಳಿಸಬೇಕು, ಮತ್ತು ರಾತ್ರಿ ಕರೆಂಟ್ ಹೋದರೆ ಬೆಳಿಗ್ಗೆ ಕಿವಿಯೂ ಇಲ್ಲ.

ಜೋಪಾನದ ವಿಷಯದಲ್ಲಿ ನಾನು ಜಿಪುಣಿ. ವಾರಂಟಿ ಮುಗಿದ ಮೇಲೆ ಕಿವಿಯೊಳಗೆ ಶಬ್ದ ಬಿಡುವ ರಿಸೀವರ್ ಒಂದನ್ನು ಬದಲಿಸಲು 9,000 ಬಿತ್ತು. ಅಂದಿನಿಂದ ತಲೆಗೆ ಎಣ್ಣೆ ಹಚ್ಚುವ ದಿನ ಮೆಷಿನ್ ಡಬ್ಬಿಯೊಳಗೇ. ಸೀಗೆಪುಡಿ, ಸ್ನಾನ, ಪೌಡರ್, ತಲೆ ಒಣಗುವುದು ಎಲ್ಲ ಮುಗಿದ ಮೇಲೆಯೇ ಕಿವಿಗೆ. ಸ್ಕೂಟರಿನ ಹಿಂದೆ ಕೂರುವಾಗ ಹೆಲ್ಮೆಟ್ಟಿಗೆ ಮುಂಚೆ ತೆಗೆದು ಪರ್ಸಿಗೆ. ಕಳೆದುಹೋದರೆ ವಾರಂಟಿ ಕೆಲಸಕ್ಕೆ ಬರುವುದಿಲ್ಲ. ರಾತ್ರಿ ಸೆಲ್ ಹೊರತೆಗೆದು, ಮುಚ್ಚಳ ತೆರೆದು, ಸಿಲಿಕಾ ಜೆಲ್ ಡಬ್ಬಿಯಲ್ಲಿ ಮೆಷಿನ್ ಮಾತ್ರ ಮಲಗಿಸುತ್ತೇನೆ. ಸೆಲ್ಲನ್ನೂ ಹಾಕಿದರೆ ಅದೂ ಒಣಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಜಡಿಮಳೆಗೆ ಇದು ಬೇಕೇ ಬೇಕು. ಕಾಳಿನ ಬಣ್ಣ ತಿರುಗಿದರೆ ಜೆಲ್ ಬದಲಿಸಿ. ಬೆಳಿಗ್ಗೆ ಬಾಯಿ ಕೆಳಗಾಗಿ ಹಿಡಿದು ಪುಟ್ಟ ಬ್ರಷ್‌ನಲ್ಲಿ ಉಜ್ಜಿದರೆ ಗುಗ್ಗೆ ಹೊರಕ್ಕೆ ಉದುರುತ್ತದೆ, ಮೇಲ್ಮುಖ ಹಿಡಿದರೆ ಒಳಗಿಳಿಯುತ್ತದೆ. ಸ್ಪಿರಿಟ್, ನೀರು ಬೇಡ, ಒಣ ಬಟ್ಟೆ ಸಾಕು.

ಒಮ್ಮೆ ಬಲಗಿವಿಯದು ಪೂರ್ತಿ ಮೌನ. ನಮ್ಮ ಆಡಿಯಾಲಜಿಸ್ಟ್ ರಜೆಯಲ್ಲಿದ್ದರೆಂದು ದೊಡ್ಡ ಶೋರೂಮ್ ಒಂದಕ್ಕೆ ಹೋದೆ. ಹುಡುಗ ತಿರುಗಿಸಿ ನೋಡಿ, "ಆಂಟಿ, ಇದು ಹೋಯ್ತು. ಎಕ್ಸ್‌ಚೇಂಜ್ ಆಫರ್ ಇದೆ" ಎಂದ. ಸುಮ್ಮನೆ ಎದ್ದು ಬಂದೆ. ಸೋಮವಾರ ನಮ್ಮವರು ಗುಗ್ಗೆ ಕಟ್ಟಿದ ಅಕ್ಕಿಕಾಳಿನಷ್ಟು ಫಿಲ್ಟರ್ ಕಿತ್ತು ಹೊಸದು ಒತ್ತಿದರು. 50 ರೂಪಾಯಿ. ಆ ಫಿಲ್ಟರಿನ ಪಟ್ಟಿ ಈಗ ಮನೆಯಲ್ಲೇ ಇದೆ. ಮೌನವಾದ ಮೆಷಿನ್‌ಗೆ ಮೊದಲು ಸೆಲ್ ಬದಲಿಸಿ, ಆಮೇಲೆ ಫಿಲ್ಟರ್, ಮೂರನೆಯದಾಗಿ ಅಂಗಡಿ.

ಕೈಯಿಂದ ಪೂರ್ತಿ ಕೊಡಲಾಗದವರಿಗೆ ದಾರಿಗಳಿವೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೇಂದ್ರ ಆರೋಗ್ಯ ಇಲಾಖೆಯದು, ಅರವತ್ತರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಪರೀಕ್ಷೆ ಅಚ್ಚುಕಟ್ಟು, ಮೆಷಿನ್‌ಗಳು ರಿಯಾಯಿತಿ ದರದಲ್ಲಿ. ನಮ್ಮ ಕಡೆಯವರಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ಮಗ್ಗುಲಲ್ಲೇ ಇರುವುದರಿಂದ ಬೆಳಿಗ್ಗೆ ಹೋಗಿ ರಾತ್ರಿಗೆ ಬರಬಹುದು. ಊರಲ್ಲೇ ಎಂದರೆ ನಿಮ್ಹಾನ್ಸ್‌ನಲ್ಲಿ ಈ ವಿಭಾಗವಿದೆ, ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಿದೆ. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಶೇ 40 ಅಂಗವೈಕಲ್ಯದ ಪ್ರಮಾಣಪತ್ರವಿದ್ದು ತಿಂಗಳ ಆದಾಯ 22,500 ಮೀರದವರಿಗೆ ಉಚಿತ, 30,000ದವರೆಗೆ ಅರ್ಧ. ಅರವತ್ತು ದಾಟಿದ ಬಡವರಿಗೆ 2017ರಿಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ.

ಆದಾಯ ತೆರಿಗೆಯಲ್ಲಿ 80ಯು ಎಂದು ಎಲ್ಲರಿಗೂ ಗೊತ್ತಿರುವ 75,000ದ ಕಡಿತ ಹಳೆಯ ಪದ್ಧತಿಯವರಿಗೆ ಮಾತ್ರ, ಅದಕ್ಕೂ ಪ್ರಮಾಣಪತ್ರ ಬೇಕು. 2016ರ ಕಾಯ್ದೆಯಂತೆ ಎರಡೂ ಕಿವಿಯಲ್ಲಿ 60 ಡೆಸಿಬಲ್ ನಷ್ಟವಿದ್ದರಷ್ಟೇ ಆ ಲೆಕ್ಕಕ್ಕೆ ಬರುತ್ತೀರಿ. ನನ್ನದು 50ರ ಆಸುಪಾಸು. ಮಾತು ತಿಳಿಯುವುದಿಲ್ಲ, ಸರ್ಕಾರದ ಕಣ್ಣಿಗೆ ಕಿವಿ ಚೆನ್ನಾಗಿದೆ. ಹೆಚ್ಚಿನ ಆರೋಗ್ಯ ವಿಮೆಗಳೂ ಕನ್ನಡಕ, ಕಿವಿ ಮೆಷಿನ್ ಎರಡನ್ನೂ ಹೊರಗಿಟ್ಟಿವೆ. ಸಿಜಿಎಚ್‌ಎಸ್ ಇರುವ ಕೇಂದ್ರ ನಿವೃತ್ತರಿಗೆ ಮಿತಿಯೊಳಗೆ ಹಣ ಬರುತ್ತದೆ, ಬಿಡಬೇಡಿ.

ಅಂಗಡಿಯಲ್ಲಿ ಕೂತಾಗ ಎರಡು ಕೆಲಸ ಮಾಡಿ. ದುಡ್ಡು ಕೊಡುವ ಮೊದಲು ಒಂದೆರಡು ದಿನ ಮನೆಗೆ ಟ್ರಯಲ್ ಕೇಳಿ; ಒಪ್ಪದ ಅಂಗಡಿಯಿಂದ ಎದ್ದು ಬನ್ನಿ. ಕೊಂಡ ಮೇಲೆ ಬಿಲ್ಲಿನಲ್ಲಿ ಮಾದರಿ, ಎರಡೂ ಮೆಷಿನ್‌ನ ಸೀರಿಯಲ್ ನಂಬರ್, ವಾರಂಟಿ ಮುಗಿಯುವ ದಿನಾಂಕ, ಎಷ್ಟು ವರ್ಷ ಟ್ಯೂನಿಂಗ್ ಉಚಿತ ಎಂಬುದನ್ನು ಬರೆಸಿ, ಆಡಿಯೋಗ್ರಾಂ ಪ್ರತಿ ಕೇಳಿ ಪಡೆಯಿರಿ. ಅಂಗಡಿ ಮುಚ್ಚಿದರೂ ಅದನ್ನು ಹಿಡಿದು ಇನ್ನೊಬ್ಬ ಆಡಿಯಾಲಜಿಸ್ಟ್ ಹತ್ತಿರ ಹೋಗಬಹುದು.