ಬೆಕ್ಕಿನ ಕಿಡ್ನಿ, ಬೆಕ್ಕಿನ ವೈರಸ್: ಒಂದೇ ರಿಪೋರ್ಟು ನೋಡಿ ತೀರ್ಮಾನ ಬೇಡ



ನಮ್ಮ ಕೂಟದ ಎಷ್ಟೋ ಮನೆಗಳಲ್ಲಿ ಈಗ ಬೆಕ್ಕುಗಳಿವೆ. ಮಕ್ಕಳ ಹಟಕ್ಕೆ ಮಣಿದು ಶೆಲ್ಟರಿನಿಂದ ತಂದ ಮರಿ ಎರಡೇ ತಿಂಗಳಲ್ಲಿ ಮನೆಯ ಯಜಮಾನಿಕೆ ವಹಿಸಿಕೊಂಡಿರುತ್ತದೆ. ನಾನು ಪಶುವೈದ್ಯ ವೃತ್ತಿಯಲ್ಲಿರುವುದರಿಂದ ಪರಿಚಿತರು ರಿಪೋರ್ಟು ಕೈಯಲ್ಲಿ ಹಿಡಿದು ಫೋನ್ ಮಾಡುವುದುಂಟು. "ಕ್ರಿಯಾಟಿನಿನ್ ಜಾಸ್ತಿ ಇದೆಯಂತೆ, ಇನ್ನೆಷ್ಟು ದಿನ?" ಎಂದು ಒಬ್ಬರು. "ವೈರಸ್ ಪಾಸಿಟಿವ್ ಬಂದಿದೆ, ಇಂಜೆಕ್ಷನ್ ಕೊಡಿಸಿಬಿಡೋದಾ?" ಎಂದು ಇನ್ನೊಬ್ಬರು. ಇಬ್ಬರಿಗೂ ನಾನು ಮೊದಲು ಹೇಳುವ ಮಾತು ಒಂದೇ: ಒಂದು ಪರೀಕ್ಷೆಯ ಒಂದು ಅಂಕಿ ನೋಡಿ ಪ್ರಾಣಿಯ ಆಯುಸ್ಸು ಲೆಕ್ಕ ಹಾಕಬೇಡಿ. ಏಕೆಂದು ಸ್ವಲ್ಪ ವಿವರವಾಗಿ ನೋಡೋಣ.

ಕಿಡ್ನಿ ಕಾಯಿಲೆ: ಮೊದಲ ಸುಳಿವು ನೀರಿನ ಬಟ್ಟಲಲ್ಲಿ

ವಯಸ್ಸಾದ ಬೆಕ್ಕುಗಳಲ್ಲಿ ದೀರ್ಘಕಾಲದ ಕಿಡ್ನಿ ಕಾಯಿಲೆ ಬಹಳ ಸಾಮಾನ್ಯ. ಕಿಡ್ನಿಯೊಳಗೆ ರಕ್ತ ಸೋಸುವ ಸಣ್ಣ ಸಣ್ಣ ಘಟಕಗಳಿವೆ. ಅವಕ್ಕೆ ನೆಫ್ರಾನ್ ಎಂದು ಹೆಸರು. ಇವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೆಟ್ಟಾಗ ಮೂತ್ರ ನೀರಾಗತೊಡಗುತ್ತದೆ, ಬೆಕ್ಕು ಹೆಚ್ಚು ನೀರು ಕುಡಿಯುತ್ತದೆ. ರಕ್ತದ ಕ್ರಿಯಾಟಿನಿನ್ ಮಿತಿ ದಾಟುವುದು ಸುಮಾರು ಮುಕ್ಕಾಲು ಪಾಲು ಕೆಟ್ಟ ಮೇಲೆ. ಅಂದರೆ ಲ್ಯಾಬಿಗಿಂತ ಮೊದಲೇ ನೀರಿನ ಬಟ್ಟಲು ಮತ್ತು ಲಿಟರ್ ಬಾಕ್ಸ್ ನಿಮಗೆ ಸುದ್ದಿ ಕೊಡುತ್ತವೆ. ಲಿಟರಿನ ಹೆಂಟೆಗಳು ಮೊದಲಿಗಿಂತ ದೊಡ್ಡದಾಗಿವೆಯೇ? 4 ಕೆಜಿ ತೂಕದ ಬೆಕ್ಕು ದಿನಕ್ಕೆ 200 ಮಿಲಿಲೀಟರಿಗಿಂತ ಹೆಚ್ಚು ನೀರು ಕುಡಿಯುತ್ತಿದೆಯೇ? ಹಾಗಿದ್ದರೆ ಡಾಕ್ಟರಿಗೆ ಹೇಳಿ.

ತೂಕವನ್ನೂ ಗಮನಿಸಿ. 4 ಕೆಜಿ ಬೆಕ್ಕು 400 ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು 60 ಕೆಜಿಯ ಮನುಷ್ಯ 6 ಕೆಜಿ ಇಳಿದ ಹಾಗೆ. ಕೂಸುಗಳನ್ನು ತೂಗುವ ತಕ್ಕಡಿ ಇದ್ದರೆ ತಿಂಗಳಿಗೊಮ್ಮೆ ತೂಗಿ ಬರೆದಿಡಿ.

ಈಗ ಪರೀಕ್ಷೆಗಳ ವಿಷಯ. ಕ್ರಿಯಾಟಿನಿನ್ ಒಂದೇ ಸಾಲದು. ನೀರಿನಂಶ ಕಡಿಮೆಯಾದ ಬೆಕ್ಕಿನಲ್ಲಿ ಅದು ಏರುತ್ತದೆ. ಮಾಂಸಖಂಡ ಕರಗಿದ ಮುದಿ ಬೆಕ್ಕಿನಲ್ಲಿ ಕಿಡ್ನಿ ಕೆಟ್ಟಿದ್ದರೂ ಕಡಿಮೆ ತೋರಿಸುತ್ತದೆ. ಆದ್ದರಿಂದ ಮೂತ್ರದ ಸಾಂದ್ರತೆಯನ್ನೂ ನೋಡಬೇಕು. ಆರೋಗ್ಯವಂತ ಬೆಕ್ಕಿನಲ್ಲಿ ಅದು ಸಾಮಾನ್ಯವಾಗಿ 1.035ಕ್ಕಿಂತ ಹೆಚ್ಚಿರುತ್ತದೆ. 2015ರಿಂದ ಬಳಕೆಗೆ ಬಂದ ಎಸ್‌ಡಿಎಂಎ ಎಂಬ ರಕ್ತಪರೀಕ್ಷೆ ಕ್ರಿಯಾಟಿನಿನ್‌ಗಿಂತ ಬೇಗ ಸೂಚನೆ ಕೊಡುತ್ತದೆ. ಇವುಗಳ ಜೊತೆಗೆ ಮೂತ್ರದ ಪ್ರೋಟೀನ್ ಮತ್ತು ರಕ್ತದೊತ್ತಡ. ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ಏರಿಕೆಯಲ್ಲೂ ಬೆಕ್ಕು ಹೆಚ್ಚು ನೀರು ಕುಡಿದು ತೂಕ ಇಳಿಯುವುದರಿಂದ ಅವನ್ನೂ ಪರೀಕ್ಷಿಸಬೇಕು. ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡಿದ ಮೇಲೆಯೇ ಕಾಯಿಲೆಯ ಹಂತ ನಿರ್ಧರಿಸುವುದು ಪದ್ಧತಿ. ಕ್ರಿಯಾಟಿನಿನ್ 1.6ರಿಂದ 2.8ರವರೆಗೆ ಎರಡನೇ ಹಂತ, 5.0ರವರೆಗೆ ಮೂರನೇ ಹಂತ, ಅದರ ಮೇಲೆ ನಾಲ್ಕನೇ ಹಂತ. ಎರಡನೇ ಹಂತದಲ್ಲೇ ಸಿಕ್ಕಿದ ಬೆಕ್ಕುಗಳಲ್ಲಿ ಅನೇಕವು ವರ್ಷಗಟ್ಟಲೆ ಚೆನ್ನಾಗಿ ಬಾಳುತ್ತವೆ.

ಮೊಸರನ್ನ ಪಥ್ಯವಲ್ಲ

ಹೋದ ನೆಫ್ರಾನ್‌ಗಳು ಮರಳಿ ಬರುವುದಿಲ್ಲ. ಉಳಿದವುಗಳನ್ನು ಕಾಪಾಡುವುದೇ ಚಿಕಿತ್ಸೆ. ಅದರಲ್ಲಿ ಮುಖ್ಯವಾದದ್ದು ರಂಜಕ, ಅಂದರೆ ಫಾಸ್ಫರಸ್, ಕಡಿಮೆ ಇರುವ ಕಿಡ್ನಿ ಆಹಾರ. ಇಲ್ಲಿ ನಮ್ಮವರಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. "ಕಿಡ್ನಿಗೆ ಮಾಂಸ ಆಗಬಾರದಂತೆ" ಎಂದು ಬೆಕ್ಕಿಗೆ ಮೊಸರನ್ನ ಹಾಕತೊಡಗುತ್ತಾರೆ. ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶ ಆಹಾರದಲ್ಲಿ ಸಿಗದಿದ್ದರೆ ಅದರ ಹೃದಯವೂ ಕಣ್ಣೂ ಕೆಡುತ್ತವೆ. ಮೇಲಾಗಿ ಹಾಲು ಮೊಸರಿನಲ್ಲೂ ರಂಜಕವಿದೆ. ಮನೆಯವರು ಸಸ್ಯಾಹಾರಿಗಳಾದರೂ ಬೆಕ್ಕಿಗೆ ಡಾಕ್ಟರು ಹೇಳಿದ ಕಿಡ್ನಿ ಆಹಾರವನ್ನೇ ಕೊಡಿ. ಹಳೆಯ ಆಹಾರದೊಂದಿಗೆ ಬೆರೆಸುತ್ತಾ ನಿಧಾನವಾಗಿ ಬದಲಿಸಿ. ಉಪವಾಸ ಕೆಡವಿ ಒಗ್ಗಿಸಲು ಹೋಗಬೇಡಿ. ಕೆಲವೇ ದಿನ ತಿನ್ನದಿದ್ದರೂ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು ಬರಬಹುದು.

ರಕ್ತದೊತ್ತಡ ಏರಿದ್ದರೆ ಆಮ್ಲೋಡಿಪಿನ್ ಅಥವಾ ಟೆಲ್ಮಿಸಾರ್ಟಾನ್ ಕೊಡುತ್ತಾರೆ. ಬಿಟ್ಟರೆ ಬೆಕ್ಕು ಇದ್ದಕ್ಕಿದ್ದಂತೆ ಕುರುಡಾಗಬಹುದು. ಓಕರಿಕೆಗೆ, ಹಸಿವಿಗೆ ಔಷಧಿಗಳಿವೆ. ಕಿಡ್ನಿ ಕಾಯಿಲೆಯಿಂದ ಬರುವ ರಕ್ತಹೀನತೆಗೆ ಮೊಲಿಡುಸ್ಟಾಟ್ ಎಂಬ ಔಷಧಿಗೆ ಅಮೆರಿಕದಲ್ಲಿ 2023ರಲ್ಲಿ ಷರತ್ತುಬದ್ಧ ಅನುಮತಿ ದೊರೆಯಿತು. ಚರ್ಮದಡಿ ಸಲೈನ್ ಕೊಡುವುದನ್ನು ಮನೆಯವರೇ ಕಲಿಯಬಹುದು. ಸೂಜಿ ಕಂಡರೆ ಹೆದರುವವರೂ ಒಂದು ವಾರದಲ್ಲಿ ಕಲಿತದ್ದನ್ನು ನಾನು ನೋಡಿದ್ದೇನೆ.

ಮನೆಯೊಳಗಿನ ಎರಡು ಅಪಾಯ

ಕಿಡ್ನಿ ಒಮ್ಮೆಲೇ ಕೆಡುವುದೂ ಉಂಟು. ಗೃಹಪ್ರವೇಶಕ್ಕೋ ಹುಟ್ಟುಹಬ್ಬಕ್ಕೋ ಬರುವ ಹೂಗುಚ್ಛದಲ್ಲಿ ಲಿಲಿ ಇದ್ದರೆ ಬೆಕ್ಕಿರುವ ಮನೆಯೊಳಗೆ ತರಲೇಬೇಡಿ. ಎಲೆ, ಎಸಳು, ಪರಾಗ, ಹೂದಾನಿಯ ನೀರು, ಎಲ್ಲವೂ ವಿಷ. ಮೈಗಂಟಿದ ಪರಾಗವನ್ನು ನೆಕ್ಕಿದರೂ ಎರಡು ಮೂರು ದಿನಗಳಲ್ಲಿ ಕಿಡ್ನಿ ನಿಲ್ಲಬಹುದು. ವಾಂತಿ ಆಗಲಿ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ; ಮೊದಲ ಕೆಲವು ಗಂಟೆಗಳಲ್ಲಿ ಚಿಕಿತ್ಸೆ ಸಿಕ್ಕರೆ ಉಳಿಸಿಕೊಳ್ಳಬಹುದು. ಎರಡನೆಯದು ನಮ್ಮ ಮಾತ್ರೆ ಡಬ್ಬಿ. ಐಬುಪ್ರೊಫೇನ್ ಬೆಕ್ಕಿನ ಕಿಡ್ನಿ ಕೆಡಿಸುತ್ತದೆ. ಜ್ವರಕ್ಕೆಂದು ಊರಿನಿಂದ ತಂದ ಕ್ರೋಸಿನ್, ಇಲ್ಲಿನ ಟೈಲೆನಾಲ್ ಎರಡರಲ್ಲೂ ಇರುವ ಪ್ಯಾರಾಸಿಟಮಾಲ್ ಅದರ ರಕ್ತಕಣಗಳನ್ನು ಕೆಡಿಸುತ್ತದೆ. ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಲ್ಲದು.

ವೈರಸ್ ಪಾಸಿಟಿವ್ ಎಂದರೆ ಏನರ್ಥ?

ಶೆಲ್ಟರುಗಳಲ್ಲಿ ಸಾಮಾನ್ಯವಾಗಿ ಎರಡು ವೈರಸ್‌ಗಳಿಗೆ ಪರೀಕ್ಷೆ ಮಾಡುತ್ತಾರೆ. ಲ್ಯುಕೇಮಿಯಾ ವೈರಸ್, ಅಂದರೆ ಎಫ್‌ಇಎಲ್‌ವಿ, 1964ರಲ್ಲಿ ಗ್ಲಾಸ್ಗೋದಲ್ಲಿ ಪತ್ತೆಯಾದದ್ದು. ನೆಕ್ಕಾಟದಿಂದ, ಹಂಚಿಕೊಂಡ ಬಟ್ಟಲಿನಿಂದ ಹರಡುತ್ತದೆ. ಎಫ್‌ಐವಿ 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪತ್ತೆಯಾದದ್ದು. ಹೆಚ್ಚಾಗಿ ಕಚ್ಚಾಟದಿಂದ ಹರಡುತ್ತದೆ. ಇವೆರಡೂ ಮನುಷ್ಯರಿಗೆ ಅಂಟುವುದಿಲ್ಲ, ಮಕ್ಕಳ ಬಗ್ಗೆ ಆತಂಕ ಬೇಡ.

ಎಫ್‌ಐವಿ ಪರೀಕ್ಷೆ ಹುಡುಕುವುದು ವೈರಸನ್ನಲ್ಲ, ಪ್ರತಿಕಾಯಗಳನ್ನು. ಮರಿಗೆ ಅವು ತಾಯಿಯ ಹಾಲಿನಿಂದಲೂ ಬಂದಿರಬಹುದು. ಆದ್ದರಿಂದ ಆರು ತಿಂಗಳೊಳಗಿನ ಮರಿ ಪಾಸಿಟಿವ್ ಬಂದರೆ ಆರು ತಿಂಗಳು ತುಂಬಿದ ಮೇಲೆ ಮತ್ತೆ ಪರೀಕ್ಷಿಸಬೇಕು. ನಿಜವಾಗಿ ಸೋಂಕಿರುವ ಬೆಕ್ಕೂ ಮನೆಯೊಳಗೇ ಇದ್ದು ಜೋಪಾನ ಸಿಕ್ಕರೆ ಎಷ್ಟೋ ವರ್ಷ ಬಾಳುತ್ತದೆ. ಲ್ಯುಕೇಮಿಯಾ ವೈರಸ್ ಹೆಚ್ಚು ಕಠಿಣ. ಅಲ್ಲಿಯೂ ಪಾಸಿಟಿವ್ ಬಂದರೆ ಮರುಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಲಸಿಕೆಯೂ ಇದೆ.

ಎಫ್‌ಐಪಿ: ಬದಲಾದ ಕಥೆ

ಬೆಕ್ಕಿನ ಕರೋನಾ ವೈರಸ್ ಕೋವಿಡ್ ವೈರಸ್ ಅಲ್ಲ. ಅನೇಕ ಬೆಕ್ಕುಗಳ ಕರುಳಿನಲ್ಲಿ ತೊಂದರೆ ಕೊಡದೆ ಇರುತ್ತದೆ. ಕೆಲವೇ ಬೆಕ್ಕುಗಳಲ್ಲಿ ಅದು ರೂಪ ಬದಲಿಸಿ ಎಫ್‌ಐಪಿ ಎಂಬ ಮಾರಕ ರೋಗ ತರುತ್ತದೆ. ಹೆಚ್ಚಾಗಿ ಎರಡು ವರ್ಷದೊಳಗಿನವುಗಳಲ್ಲಿ. ಆಂಟಿಬಯಾಟಿಕ್‌ಗೆ ಬಗ್ಗದ ಜ್ವರ, ಹೊಟ್ಟೆಯಲ್ಲೋ ಎದೆಯಲ್ಲೋ ಹಳದಿ ನೀರು, ಕಣ್ಣಿನ ಉರಿಯೂತ, ನಡಿಗೆಯಲ್ಲಿ ತೂರಾಟ ಇದರ ಲಕ್ಷಣಗಳು. ಕರೋನಾ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಎಫ್‌ಐಪಿ ಅಲ್ಲ. ರಕ್ತದ ಆಲ್ಬುಮಿನ್ ಮತ್ತು ಗ್ಲಾಬ್ಯುಲಿನ್‌ಗಳ ಅನುಪಾತ 0.4ಕ್ಕಿಂತ ಕೆಳಗಿದ್ದರೆ ಅನುಮಾನ ಬಲವಾಗುತ್ತದೆ, 0.8ಕ್ಕಿಂತ ಮೇಲಿದ್ದರೆ ಕಡಿಮೆಯಾಗುತ್ತದೆ. ಹೊಟ್ಟೆಯ ನೀರನ್ನು ತೆಗೆದು ಪಿಸಿಆರ್ ಮಾಡಿದರೆ ಇನ್ನಷ್ಟು ಸ್ಪಷ್ಟ.

ಮೊದಲೆಲ್ಲ ಈ ಹೆಸರು ಕೇಳಿದರೆ ಇಂಜೆಕ್ಷನ್ ಕೊಡಿಸುವುದೇ ದಾರಿಯಾಗಿತ್ತು. 2019ರಲ್ಲಿ ಯುಸಿ ಡೇವಿಸ್‌ನ ಡಾ. ನೀಲ್ಸ್ ಪೆಡರ್ಸನ್ ಮತ್ತು ಸಂಗಡಿಗರು ಜಿಎಸ್-441524 ಎಂಬ ಔಷಧಿಯನ್ನು 31 ಬೆಕ್ಕುಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. 26 ಬೆಕ್ಕುಗಳು 12 ವಾರಗಳ ಚಿಕಿತ್ಸೆ ಪೂರೈಸಿದ್ದವು. ಕೋವಿಡ್ ಕಾಲದಲ್ಲಿ ನಾವೆಲ್ಲ ಹೆಸರು ಕೇಳಿದ ರೆಮ್‌ಡೆಸಿವಿರ್ ದೇಹದೊಳಗೆ ಮಾರ್ಪಡುವುದು ಇದೇ ಔಷಧಿಯಾಗಿ. ಬಹಳ ಕಾಲ ಜನ ಇದನ್ನು ಕಾಳಸಂತೆಯಲ್ಲಿ ಕೊಳ್ಳಬೇಕಾಗಿತ್ತು. ಬ್ರಿಟನ್ನಿನಲ್ಲಿ 2021ರಿಂದ, ಅಮೆರಿಕದಲ್ಲಿ 2024ರ ಜೂನ್‌ನಿಂದ ಪಶುವೈದ್ಯರು ಚೀಟಿ ಬರೆದು ತರಿಸಬಹುದು. ಸಾಮಾನ್ಯವಾಗಿ 84 ದಿನ ಕೊಡುತ್ತಾರೆ. ಖರ್ಚು ಕಡಿಮೆಯಲ್ಲ, ಆದರೆ ಹೆಚ್ಚಿನ ಬೆಕ್ಕುಗಳು ಗುಣವಾಗುತ್ತವೆ. ನಿಮ್ಮ ಡಾಕ್ಟರು ಈ ಔಷಧಿಯ ಮಾತೆತ್ತದಿದ್ದರೆ ನೀವೇ ಹೆಸರು ಹೇಳಿ ಕೇಳಿ.

ಕೊನೆಯದಾಗಿ, ಇಂಜೆಕ್ಷನ್ ಪ್ರಶ್ನೆ. ಅದು ಪಾಪ ಎಂದು ಬೆಕ್ಕನ್ನು ತಿಂಗಳುಗಟ್ಟಲೆ ನರಳಿಸುವವರೂ ಇದ್ದಾರೆ, ರಿಪೋರ್ಟು ಬಂದ ದಿನವೇ ಮುಗಿಸಿಬಿಡುವವರೂ ಇದ್ದಾರೆ. ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ: ಈ ಫಲಿತಾಂಶ ಮರುಪರೀಕ್ಷೆಯಲ್ಲಿ ಖಚಿತವಾಗಿದೆಯೇ? ಕಾಯಿಲೆ ಯಾವ ಹಂತದಲ್ಲಿದೆ? ಚಿಕಿತ್ಸೆಯಿಂದ ಬೆಕ್ಕು ತಾನಾಗಿ ತಿನ್ನುವ, ಮೈ ನೆಕ್ಕಿಕೊಳ್ಳುವ, ನಿಮ್ಮ ಬಳಿ ಬರುವ ದಿನಗಳು ಸಿಗುತ್ತವೆಯೇ? ಮೂರನೆಯದಕ್ಕೆ ಇಲ್ಲ ಎಂಬ ಉತ್ತರ ಬಂದಾಗ ಕಳಿಸಿಕೊಡುವುದರಲ್ಲಿ ಪಾಪವಿಲ್ಲ ಎಂದು ನಾನು ನಂಬಿದ್ದೇನೆ.

ಏಳು ವರ್ಷ ದಾಟಿದ ಬೆಕ್ಕಿಗೆ ವರ್ಷಕ್ಕೊಮ್ಮೆ, ಹತ್ತು ದಾಟಿದ್ದಕ್ಕೆ ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ಮತ್ತು ರಕ್ತದೊತ್ತಡ ನೋಡಿಸಿ. ಪ್ರಶ್ನೆಗಳಿದ್ದರೆ ಕೂಟದ ಸಂಪಾದಕರಿಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.