ಬ್ಯಾಳಿ ಯಾಕ ಲಗೂನ ಬೇಯಂಗಿಲ್ಲ: ಒಂದು ಮೋಲ್ ಲೆಕ್ಕ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಾವು ಹಾಸ್ಟೆಲ್‌ನಲ್ಲಿ ಊಟಕ್ಕೆ ಕೂತರೆ ಈ ಮಾತು ಬಂದೇ ಬರುತ್ತೆ: ತೊಗರಿ ನಮ್ಮ ಹೊಲದ್ದೇ, ಆದ್ರೂ ಬೋರಿನ ನೀರಾಗ ಬ್ಯಾಳಿ ಲಗೂನ ಬೇಯಂಗಿಲ್ಲ. ನೀರಲ್ಲಿ ಕರಗಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಇದಕ್ಕೆ ಒಂದು ಕಾರಣ. ಅದನ್ನು ಅಳೆಯೋದೇ ಫಸ್ಟ್ ಇಯರ್ ಲ್ಯಾಬಿನ ಇಡಿಟಿಎ ಟೈಟ್ರೇಶನ್.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ. ನೀರು 50 ಎಂಎಲ್, ಇಡಿಟಿಎ 0.01 ಮೋಲಾರ್. ಬಫರ್, ಇಂಡಿಕೇಟರ್ ಹಾಕಿದ ಮೇಲೆ ಕೆಂಪು ಬಣ್ಣ ಪೂರ್ತಿ ನೀಲಿ ಆಗೋಕೆ 18 ಎಂಎಲ್ ಬೇಕಾಯ್ತು. ಮೊದಲು ಮೋಲ್: 0.01 × 0.018 = 0.00018. ಒಂದು ಇಡಿಟಿಎ ಒಂದೇ ಅಯಾನನ್ನು ಹಿಡಿಯುತ್ತೆ, ಹಾಗಾಗಿ ನೀರಲ್ಲೂ ಅಷ್ಟೇ ಮೋಲ್. ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಹೇಳ್ತಾರೆ; ಅದರ ಒಂದು ಮೋಲ್ 100 ಗ್ರಾಂ. ಅಂದ್ರೆ 50 ಎಂಎಲ್‌ನಲ್ಲಿ 0.018 ಗ್ರಾಂ, ಅಂದರೆ 18 ಮಿಲಿಗ್ರಾಂ. ಲೀಟರಿಗೆ ಇದರ 20 ಪಟ್ಟು, 360 ಮಿಲಿಗ್ರಾಂ. ಕುಡಿಯೋ ನೀರಿಗೆ ಐಎಸ್ 10500 ಒಪ್ಪೋದು 200. ಬೇರೆ ನೀರೇ ಸಿಗದಿದ್ರೆ 600ರವರೆಗೆ.

ಇಂಟರ್ನಲ್ಸ್‌ನಲ್ಲಿ ನಮ್ಮಲ್ಲಿ ಅರ್ಧ ಜನ 18 ಎಂಎಲ್ ಅನ್ನು ಲೀಟರ್ ಮಾಡೋದೇ ಮರೆತೆವು. ಉತ್ತರ ಲೀಟರಿಗೆ 360 ಗ್ರಾಂ! ಅದು ನೀರಲ್ಲ, ಶಹಾಬಾದ್ ಫರಸಿ. ಮಾರ್ಕ್ಸ್ ಹೋದವು. ಉತ್ತರ ಬಂದಮೇಲೆ ಇಷ್ಟು ಸುಣ್ಣ ನೀರಲ್ಲಿ ಇರೋಕೆ ಸಾಧ್ಯನಾ ಅಂತ ಒಮ್ಮೆ ಕೇಳಿಕೊಂಡಿದ್ರೂ ಸಾಕಿತ್ತು.

ಇನ್ನೊಂದು ಅನುಮಾನ. ಫ್ಲಾಸ್ಕಿನ ಗೋಡೆ ತೊಳೆಯೋಕೆ ಡಿಸ್ಟಿಲ್ಡ್ ವಾಟರ್ ಹಾಕಿದ್ರೆ ಲೆಕ್ಕ ಕೆಡುತ್ತಾ? ಕೆಡಲ್ಲ. ಸಾಂದ್ರತೆ ಇಳಿಯುತ್ತೆ, ಮೋಲ್ ಅಷ್ಟೇ ಇರುತ್ತೆ. ಆದ್ರೆ ಬ್ಯುರೆಟ್ಟಿನಲ್ಲಿ ನೀರು ಉಳಿದಿದ್ರೆ ಕೆಡುತ್ತೆ: ಇಡಿಟಿಎ ತೆಳುವಾಗಿ ರೀಡಿಂಗ್ ಜಾಸ್ತಿ ಬರುತ್ತೆ. ಅದಕ್ಕೇ ಬ್ಯುರೆಟ್ಟನ್ನು ಕೊನೆಗೆ ಇಡಿಟಿಎಯಿಂದಲೇ ತೊಳೆಯಿರಿ.