ಮರ ಹತ್ತಿದ ಪುಟ್ಟಿ

ಅಕ್ಕಂದಿರೇ, ಇದು ನಮ್ಮ ನಿಮ್ಮ ಮನೆಯಂಥ ಒಂದು ಮನೆಯ ಕತೆ.

ಹಿತ್ತಲಲ್ಲಿ ಒಂದು ಸೀಬೆ ಮರ. ಆರು ವರ್ಷದ ಪುಟ್ಟಿ ಮರ ಹತ್ತಿದಳು. ಅಮ್ಮ ನೋಡಿದಳು. ಎದೆ ಝಲ್ಲೆಂದಿತು.

"ಅಯ್ಯೋ, ಇಳಿಯೇ! ಬಿದ್ದು ಕೈಕಾಲು ಮುರ್ಕೊಳ್ತೀಯ. ಹೆಣ್ಣುಮಕ್ಕಳು ಮರ ಹತ್ತುತ್ತಾರಾ?"

ಕೂಗು ಕೇಳಿ ಪುಟ್ಟಿ ಬೆದರಿದಳು. ಕಾಲು ಜಾರಿತು. ಹೇಗೋ ಕೊಂಬೆ ಹಿಡಿದುಕೊಂಡಳು.

ಅಜ್ಜಿ ಬಂದರು. "ಕೂಗಬೇಡ ಕಣಮ್ಮ. ಮಗು ಹೆದರುತ್ತೆ. ಪುಟ್ಟೀ, ಕೊಂಬೆ ಗಟ್ಟಿಯಾಗಿ ಹಿಡಿ. ಕೆಳಗಿನ ಕೊಂಬೆಗೆ ಕಾಲಿಡು. ಹಾಂ, ಹಾಗೆ."

ಪುಟ್ಟಿ ಇಳಿದಳು. ಕೈಯಲ್ಲಿ ಒಂದು ಹಣ್ಣು. ಮುಖದ ತುಂಬ ನಗು.

ಆಗ ಅಮ್ಮನಿಗೆ ನೆನಪಾಯಿತು. "ಚಿಕ್ಕೋನು ಎಲ್ಲಿ?"

ಒಂದೂವರೆ ವರ್ಷದ ತಮ್ಮ ನೀರಿನ ತೊಟ್ಟಿಗೆ ಬಗ್ಗಿದ್ದ. ತೊಟ್ಟಿಗೆ ಮುಚ್ಚಳ ಇರಲಿಲ್ಲ. ಅಮ್ಮ ಓಡಿಹೋಗಿ ಎತ್ತಿಕೊಂಡಳು. ಅವಳ ಮೈ ನಡುಗುತ್ತಿತ್ತು.

"ಮರ ನಮ್ಮ ಕಣ್ಣಿಗೆ ಬಿತ್ತು. ತೊಟ್ಟಿ ಬೀಳಲಿಲ್ಲ" ಎಂದರು ಅಜ್ಜಿ.

ಮಗು ಓಡಬೇಕು, ಹತ್ತಬೇಕು. ಬಿದ್ದು ಏಳಬೇಕು. ಹೀಗೆ ಕೈಕಾಲಿಗೆ ಬಲ ಬರುತ್ತದೆ. ಮನಸ್ಸಿಗೆ ಧೈರ್ಯ ಬರುತ್ತದೆ. ಗಂಡಾಗಲಿ, ಹೆಣ್ಣಾಗಲಿ, ಇಬ್ಬರಿಗೂ ಇದು ಬೇಕು.

ಆದರೆ ಅಪಾಯದಲ್ಲಿ ಎರಡು ಬಗೆ.

ಒಂದು, ಮಗುವಿಗೆ ಕಾಣುವ ಅಪಾಯ. ಮರ, ಮೆಟ್ಟಿಲು, ದಿಬ್ಬ. ಇಲ್ಲಿ ಹತ್ತಿರ ನಿಂತು ಕಲಿಸಿ.

ಇನ್ನೊಂದು, ಮಗುವಿಗೆ ತಿಳಿಯದ ಅಪಾಯ. ತೆರೆದ ತೊಟ್ಟಿ, ಬಾವಿ, ಕರೆಂಟಿನ ತಂತಿ, ಬಾಟಲಿಯಲ್ಲಿಟ್ಟ ಬೆಳೆಯ ಔಷಧಿ. ಇಲ್ಲಿ ಬುದ್ಧಿ ಹೇಳಿದರೆ ಸಾಲದು. ದೊಡ್ಡವರೇ ಮುಚ್ಚಬೇಕು, ಎತ್ತಿಡಬೇಕು.

ಬಕೆಟ್ ನೀರಿನಲ್ಲೂ ಎಳೆಯ ಮಗು ಮುಳುಗಬಹುದು. ಮುಳುಗುವಾಗ ಕೂಗಲೂ ಆಗದೆ ಇರಬಹುದು. ಆದ್ದರಿಂದ ಕೂಗು ಕೇಳಿಸಲಿಲ್ಲ ಎಂದು ಸುಮ್ಮನಿರಬೇಡಿ.

2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ಕೊಳವೆ ಬಾವಿಗೆ ಬಿತ್ತು. ಪಕ್ಕದಲ್ಲಿ ಗುಂಡಿ ತೋಡಿದರು. ಸುಮಾರು 20 ಗಂಟೆ ದುಡಿದರು. ಮಗು ಬದುಕಿ ಬಂತು. ಎಲ್ಲ ಮಕ್ಕಳಿಗೂ ಈ ಅದೃಷ್ಟ ಇರುವುದಿಲ್ಲ. ನಿಮ್ಮ ಹೊಲದಲ್ಲಿ ನೀರು ಬಾರದ ಕೊಳವೆ ಬಾವಿ ಇದೆಯೇ? ಇಂದೇ ಮುಚ್ಚಿಸಿ.

ಮರ ಹತ್ತುವ ಮಗುವಿಗೆ:
1. ನೀವೇ ಎತ್ತಿ ಕೂರಿಸಬೇಡಿ. ತಾನೇ ಹತ್ತಿ ಇಳಿಯುವಷ್ಟು ಎತ್ತರ ಸಾಕು.
2. ನುಗ್ಗೆ ಕೊಂಬೆ ಬೇಗ ಮುರಿಯುತ್ತೆ. ಒಣಕೊಂಬೆಯೂ ಬೇಡ. ಮಳೆ ಬಂದರೆ ಮರ ಜಾರುತ್ತೆ.
3. ಮರದ ಕೆಳಗಿನ ಕಲ್ಲು, ಮುಳ್ಳು, ಗಾಜು ತೆಗೆಯಿರಿ.
4. ಹತ್ತಿರ ಕರೆಂಟಿನ ತಂತಿ ಇದ್ದರೆ ಆ ಮರ ಬೇಡವೇ ಬೇಡ.

ಸಂಜೆ ಅಮ್ಮ, ಅಜ್ಜಿ ಸೇರಿ ತೊಟ್ಟಿಗೆ ಚಪ್ಪಡಿ ಕಲ್ಲು ಮುಚ್ಚಿದರು.

"ಅಮ್ಮ, ನಾಳೆ ಮರ ಹತ್ತಲಾ?" ಪುಟ್ಟಿ ಮೆಲ್ಲಗೆ ಕೇಳಿದಳು.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: "ಹತ್ತು. ಕೆಳಗೆ ನಾನಿರ್ತೀನಿ."

ಮಾತಾಡಿ:
1. ಅಮ್ಮ ಕೂಗಿದಾಗ ಏನಾಯಿತು?
2. ನೀವು ಚಿಕ್ಕವರಿದ್ದಾಗ ಮರ ಹತ್ತಿದ್ದಿರಾ? ಯಾರು ಬೈದರು?
3. ನಿಮ್ಮ ಓಣಿಯಲ್ಲಿ ಮುಚ್ಚಳ ಇಲ್ಲದ ತೊಟ್ಟಿ, ಬಾವಿ ಎಷ್ಟಿವೆ? ಎಣಿಸಿ ಬನ್ನಿ.

ಬರೆಯಿರಿ: ತೊಟ್ಟಿ, ಕೊಂಬೆ, ಮುಚ್ಚಳ, ಧೈರ್ಯ.